ಪುಟ್ಟಿ ಕಾರವಾರಕ್ಕೆ ಹೋಗಿದ್ದು

ಅಂಕೋಲಾದಿಂದ ಕಾರವಾರ ಹೆಚ್ಚೆಂದ್ರೆ 35 ಕಿಲೋಮೀಟರ್. ಬಸ್ಸಲ್ಲಿ ಒಂದು ಗಂಟೆ. ಬೆಂಗಳೂರಲ್ಲಾದ್ರೆ ಅಷ್ಟು ಹೊತ್ತಲ್ಲಿ ಸಿಲ್ಕ್ ಬೋರ್ಡ್ ದಾಟಿದ್ರೆ ಪುಣ್ಯ. ಆದ್ರೂ ಐದು ತಿಂಗಳ ಮಗಳನ್ನ ಕರ್ಕೊಂಡು ಒಂದು ರಾತ್ರಿ ಕಾರವಾರದಲ್ಲಿ ಉಳಿದು ಬರ್ತೀವಿ ಅಂದಾಗ ಅತ್ತೆ ಮನೇಲಿ ಆದ ಗಲಾಟೆ ನೋಡ್ಬೇಕಿತ್ತು. ನಾವೇನೋ ಹಿಮಾಲಯ ಹತ್ತೋಕೆ ಹೊರಟ ಹಾಗೆ!

"ಎಂತಕ್ಕೆ ಹೋಗುದು? ಸಮುದ್ರ ಇಲ್ಲಿಲ್ವಾ?" ಅಂದ್ರು ಅತ್ತೆ. ನ್ಯಾಯವಾದ ಪ್ರಶ್ನೆ. ಆದ್ರೆ ನಾವು ಹೊರಟಿದ್ದು ಸಮುದ್ರ ನೋಡೋಕಲ್ಲ.

ವಿಷಯ ಏನಂದ್ರೆ, ಬಾಣಂತನಕ್ಕೆ ಅಂತ ನನ್ನವಳು ಅಂಕೋಲಾಕ್ಕೆ ಬಂದ ಮೇಲೆ ನಾನು ಹದಿನೈದು ದಿನಕ್ಕೊಮ್ಮೆಯ ಅಪ್ಪ. ಪಂಚಗಂಗಾ ಎಕ್ಸ್‌ಪ್ರೆಸ್ ನನ್ನಂಥವರ ಪಾಲಿನ ದೇವರು. ಶುಕ್ರವಾರ ಸಂಜೆ ಬೆಂಗಳೂರಲ್ಲಿ ಹತ್ತಿದ್ರೆ ಶನಿವಾರ ಬೆಳಿಗ್ಗೆ ಅಂಕೋಲಾ. ಭಾನುವಾರ ಸಂಜೆ ಮತ್ತೆ ವಾಪಸ್. ಶನಿವಾರವೆಲ್ಲ ಪುಟ್ಟಿ ನನ್ನನ್ನ ಯಾರೋ ನೆಂಟರು ಬಂದ ಹಾಗೆ ನೋಡ್ತಾಳೆ. ಎತ್ಕೊಂಡ್ರೆ ಕೆಳತುಟಿ ಮುಂದೆ ಬರುತ್ತೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಒಂದು ನಗು ಸಿಕ್ತು ಅನ್ನೋವಾಗ ನನ್ನ ರೈಲಿನ ಟೈಮ್. ಮುಂದಿನ ಸಲ ಮತ್ತೆ ಮೊದಲಿಂದ, ರೀಸ್ಟಾರ್ಟ್ ಆದ ಸಿಸ್ಟಮ್ ಥರ. ನನ್ನ ಕೈಯಲ್ಲಿ ಅವಳು ಒಂದು ಸಲವೂ ನಿದ್ದೆ ಮಾಡಿರಲಿಲ್ಲ.

2017ರ ಕಾನೂನಿನ ಪ್ರಕಾರ ಇವಳಿಗೆ ಸಿಕ್ಕಿದ್ದ ಹೆರಿಗೆ ರಜೆ 26 ವಾರ. ಕೇಂದ್ರ ಸರ್ಕಾರಿ ನೌಕರನಾಗಿದ್ರೆ ನನಗೂ 15 ದಿನ ಸಿಗ್ತಿತ್ತು, ಖಾಸಗಿಯವರಿಗೆ ಅಂಥ ಕಾನೂನೇ ಇಲ್ಲ. ನನಗೆ ಸಿಕ್ಕಿದ್ದು ಒಂದು ವಾರ. ಇವಳ ರಜೆಯಲ್ಲಿ ಉಳಿದಿದ್ದು ಮೂರೇ ವಾರ. ಆಮೇಲೆ ಬೆಂಗಳೂರಿನ ಎರಡು ರೂಮಿನ ಮನೇಲಿ ನಾವು ಮೂರೇ ಜನ. ಮಾವನಿಗೆ ಹುಷಾರಿಲ್ಲ, ಅತ್ತೆ ಬಿಟ್ಟು ಬರೋ ಹಾಗಿಲ್ಲ. ನನ್ನಮ್ಮ ಇನ್ನೂ ಕೆಲಸದಲ್ಲಿದ್ದಾರೆ.

"ಒಂದು ರಾತ್ರಿ ಯಾರೂ ಇಲ್ದೆ ನಾವೇ ಇದ್ದು ನೋಡೋಣ. ತೀರಾ ಆಗ್ಲಿಲ್ಲ ಅಂದ್ರೆ ಒಂದು ಗಂಟೇಲಿ ಅಮ್ಮನ ಮನೆ" ಅಂದಿದ್ದು ಇವಳೇ. ಟೆಸ್ಟ್ ರನ್, ರೋಲ್‌ಬ್ಯಾಕ್ ಪ್ಲಾನ್ ಸಮೇತ :-)

ಜನವರಿ ಆಗಿದ್ದಕ್ಕೆ ಅತ್ತೆ ಕೊನೆಗೂ ಒಪ್ಪಿದ್ರು. ಮಳೆಗಾಲದಲ್ಲಾಗಿದ್ರೆ ಸಾಧ್ಯವೇ ಇರಲಿಲ್ಲ. 2024ರ ಜುಲೈ 16ರಂದು ಇದೇ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದ ಮೇಲೆ ಇಲ್ಲಿಯವರಿಗೆ ಮಳೆ, ಹೈವೇ ಎರಡೂ ಒಟ್ಟಿಗೆ ಕೇಳಿದ್ರೆ ಮುಖ ಬದಲಾಗುತ್ತೆ.

ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಅಂತ ಡಾಕ್ಟರು ಹೇಳಿದ್ರಿಂದ ಬಾಟಲಿ, ಫ್ಲಾಸ್ಕ್ ರಗಳೆ ಇರಲಿಲ್ಲ. ಆದ್ರೂ ಡೈಪರು, ಹಳೇ ಪಂಚೆಯ ತುಂಡುಗಳು, ಎರಡು ಗೋದಡಿ, ಥರ್ಮಾಮೀಟರು.. ಬ್ಯಾಗು ಎರಡಾಯ್ತು. ದೃಷ್ಟಿ ತೆಗೆಯೋಕೆ ಅಂತ ಅತ್ತೆ ಉಪ್ಪು, ಒಣಮೆಣಸಿನ ಪೊಟ್ಟಣವನ್ನೂ ಇಟ್ರು.

ಬಸ್ಸಲ್ಲಿ ಪಕ್ಕದಲ್ಲಿ ಕೂತಿದ್ದು ಒಬ್ಬ ಹಾಲಕ್ಕಿ ಅಜ್ಜಿ. ಕತ್ತಿನ ತುಂಬ ಮಣಿಸರ. ಪುಟ್ಟಿ ಅದನ್ನ ಹಿಡಿದವಳು ಬಿಡಲೇ ಇಲ್ಲ. ಅಜ್ಜಿ ಬಿಡಿಸ್ಕೊಳ್ಳಲೂ ಇಲ್ಲ, ಏನೋ ಒಂದು ಹಾಡು ಗುನುಗ್ತಾ ಕೂತ್ರು. "ಸುಕ್ರಜ್ಜಿ ಊರಿನವರಿರಬೇಕು" ಅಂದ್ಳು ಇವಳು ಮೆಲ್ಲಗೆ. ಬಡಗೇರಿಯ ಸುಕ್ರಿ ಬೊಮ್ಮಗೌಡರು, ಹಾಲಕ್ಕಿ ಹಾಡುಗಳಿಗೆ 2017ರಲ್ಲಿ ಪದ್ಮಶ್ರೀ ಪಡೆದವರು, 2025ರ ಫೆಬ್ರವರಿಯಲ್ಲಿ ತೀರಿಕೊಂಡ್ರು. ಅವರ್ಸಾ, ಅಮದಳ್ಳಿ ದಾಟಿ ಅರ್ಗಾದ ನೌಕಾನೆಲೆ ಬರೋ ಹೊತ್ತಿಗೆ ಪುಟ್ಟಿಗೆ ನಿದ್ದೆ. ಯಾರದೋ ಹಾಡಿಗೆ ಮಲಗ್ತಾಳೆ, ಅಪ್ಪನ ಹತ್ರ ಮಾತ್ರ ಇಲ್ಲ!

ಊಟ ಸರದಿಯಲ್ಲಿ. ಒಬ್ಬರು ಮೀನೂಟ ಮಾಡೋವಾಗ ಇನ್ನೊಬ್ಬರು ಮಗು ಹಿಡಿದು ಹೋಟೆಲಿನ ಹೊರಗೆ ಓಡಾಟ. ನನ್ನ ಪಾಳಿ ಬಂದಾಗ ಬಂಗುಡೆ ತಣ್ಣಗಾಗಿತ್ತು. ಸಂಜೆ ಬೀಚಿಗೆ ಹೋದ್ವಿ. ಇದಕ್ಕೆ ರವೀಂದ್ರನಾಥ ಟಾಗೋರರ ಹೆಸರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಟಾಗೋರ್ ಬಂದಿದ್ರು. ಇಲ್ಲೇ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದ್ರು. ಲೋಕದ ಬಂಧನವೆಲ್ಲ ಕಳಚಿತು ಅಂದ್ಕೊಂಡ ಸನ್ಯಾಸಿಯೊಬ್ಬನನ್ನ ಒಬ್ಬ ಅನಾಥ ಹುಡುಗಿ ಮತ್ತೆ ಲೋಕಕ್ಕೆ ಎಳೆಯೋ ಕಥೆ. ಅದನ್ನ ಇವಳಿಗೆ ಹೇಳ್ತಿದ್ದೆ. ಪುಟ್ಟಿ ನನ್ನ ಕನ್ನಡಕ ಎಳೀತಿದ್ಳು.

ರಾತ್ರಿ ಒಂದೂ ಮುಕ್ಕಾಲಿಗೆ ಶುರುವಾಯ್ತು. ಹೊಟ್ಟೆ ತುಂಬಿತ್ತು, ಡೈಪರ್ ಒಣಗಿತ್ತು, ಜ್ವರ ಇರಲಿಲ್ಲ. ಹೊಸ ರೂಮು, ಹೊಸ ಫ್ಯಾನಿನ ಸದ್ದು, ಅಜ್ಜಿ ಇಲ್ಲ. ಅಷ್ಟೇ. ಆದ್ರೆ ಅಳು ಅಂದ್ರೆ ಅಳು. ಐದು ತಿಂಗಳಿಂದ ಸರಿಯಾಗಿ ನಿದ್ದೆ ಕಾಣದವಳು ಎದ್ದು ಕೂರೋಕೆ ಹೊರಟಳು. "ನೀನು ಮಲ್ಕೋ" ಅಂದು ಪುಟ್ಟೀನ ಎತ್ಕೊಂಡು ಬಾಲ್ಕನಿಗೆ ಹೋದೆ.

ಗೊತ್ತಿದ್ದ ಸಿನಿಮಾ ಹಾಡೆಲ್ಲ ಮುಗೀತು. ಅಳು ನಿಲ್ಲಲಿಲ್ಲ. ಆಮೇಲೆ ಬಾಯಿಗೆ ಬಂದಿದ್ದು ನನಗೆ ಬಾಯಿಪಾಠ ಇರೋ ಒಂದೇ ವಿಷಯ. ಸುರತ್ಕಲ್, ಉಡುಪಿ, ಕುಂದಾಪುರ, ಬೈಂದೂರು, ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ.. ಪ್ರತಿ ಸಲ ರೈಲಲ್ಲಿ ಇವಳನ್ನ ನೋಡೋಕೆ ಇನ್ನೆಷ್ಟು ಸ್ಟೇಷನ್ ಅಂತ ಎಣಿಸಿದ್ದ ಪಟ್ಟಿ. ಹೊನ್ನಾವರದ ಹತ್ರ ಶರಾವತಿ ಸೇತುವೆ ಬಂದಾಗ ಧಡ್ ಧಡ್ ಅಂತ ಬೆನ್ನು ತಟ್ಟಿದೆ. ಎರಡನೇ ಸುತ್ತಿಗೆ ಅಳು ಬಿಕ್ಕಳಿಕೆ ಆಯ್ತು. ಮೂರನೇ ಸುತ್ತಲ್ಲಿ ಕುಮಟಾ ದಾಟೋ ಹೊತ್ತಿಗೆ ಹೆಗಲ ಮೇಲೆ ಭಾರ ಜಾಸ್ತಿಯಾಯ್ತು. ಮಲಗಿದ ಮಗುವಿನ ಭಾರವೇ ಬೇರೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಇಳಿಸಿದ್ರೆ ಎದ್ದಾಳು ಅಂತ ಅರ್ಧ ಗಂಟೆ ಹಾಗೇ ನಿಂತಿದ್ದೆ. ಕತ್ತಲಲ್ಲಿ ಸಮುದ್ರ ಕಾಣ್ತಿರಲಿಲ್ಲ, ಕೇಳ್ತಿತ್ತು.

ಮೆಲ್ಲಗೆ ತಂದು ಗೋದಡಿ ಮೇಲೆ ಮಲಗಿಸಿದೆ. ನಿದ್ದೆ ಮಾಡ್ತಿದ್ದಾಳೆ ಅಂದ್ಕೊಂಡಿದ್ದ ನನ್ನವಳು ಕಣ್ಣು ಮುಚ್ಚಿಕೊಂಡೇ ಅಂದ್ಳು, "ಗೋಕರ್ಣ ರೋಡ್ ಬಿಟ್ಟೆ ನೀನು."

ಮರುದಿನ ಮಧ್ಯಾಹ್ನ ಮನೆಗೆ ಬಂದಾಗ ಅತ್ತೆ ಮೊಮ್ಮಗಳನ್ನ ತಿರುಗಿಸಿ ಮುರುಗಿಸಿ ನೋಡಿ "ಕೂಸು ಇಳಿದೇ ಹೋಯ್ತು" ಅಂದ್ರು. ಒಂದೇ ರಾತ್ರೀಲಿ!

ಈಗ ಬೆಂಗಳೂರಲ್ಲಿ ರಾತ್ರಿ ಪಾಳಿ ನಂದು. ಕೆಲವು ದಿನ ಉಡುಪಿಗೇ ನಿದ್ದೆ, ಕೆಲವು ದಿನ ಕಾರವಾರ ಮುಟ್ಟಿ ವಾಪಸ್ ಬಂದ್ರೂ ಕಣ್ಣು ಬಿಟ್ಕೊಂಡೇ ಇರ್ತಾಳೆ. ನಿಮ್ಮನೇಲಿ ಯಾವ ಜೋಗುಳ ಕೆಲಸ ಮಾಡುತ್ತೆ? ಹೇಳಿ, ನನ್ನ ಸ್ಟೇಷನ್‌ಗಳು ಖಾಲಿಯಾಗ್ತಿವೆ.