ಮೀನಿನ ಮೈ ಒರೆಸುವ ವಿಚಾರ

ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೊಬೈಲ್ ತೆರೆದರೆ ‘ಹತ್ತೇ ನಿಮಿಷದಲ್ಲಿ ಮೀನು ಫ್ರೈ’ ಎಂಬ ವಿಡಿಯೊ. ನಂಬಿ ಕೂತರೆ ಆ ಪುಣ್ಯಾತ್ಮನ ಮೊದಲ ಮಾತೇ, ‘ಹಿಂದಿನ ರಾತ್ರಿಯೇ ನಿಂಬೆರಸ, ಮಸಾಲೆ ಹಚ್ಚಿ ಫ್ರಿಜ್ಜಿನಲ್ಲಿಡಿ.’ ಆ ರಾತ್ರಿ ಯಾರ ಲೆಕ್ಕಕ್ಕೆ ಸ್ವಾಮಿ? ಕಾಫಿ ಆರಿತು, ಸಿಟ್ಟು ಆರಲಿಲ್ಲ.

ಮೀನೇನು ಕುರಿಯ ತೊಡೆಯೆ, ಇಡೀ ರಾತ್ರಿ ನೆನೆಯಲು? ಅದರ ಮಾಂಸದ ಎಳೆಗಳೇ ಗಿಡ್ಡ. ಹಿಡಿದಿಡುವ ಕೊಲಾಜೆನ್ ಕಡಿಮೆ, ಅದೂ ತುಸು ಬಿಸಿಗೇ ಕರಗುವಂಥದ್ದು. ನಿಂಬೆಹುಳಿಯಲ್ಲಿ ಬಹಳ ಹೊತ್ತು ಬಿದ್ದರೆ ಒಲೆ ಕಾಣುವ ಮೊದಲೇ ಬಿಳುಚಿಕೊಂಡು ಪುಡಿಪುಡಿಯಾಗುತ್ತದೆ. ಅನ್ನಕ್ಕಿಟ್ಟು ಮಸಾಲೆ ಹಚ್ಚಿದರೆ ಸಾಕು, ಅನ್ನ ಬೇಯುವಷ್ಟರಲ್ಲಿ ಮೀನು ಕಾವಲಿಗೆ ತಯಾರು. ಮಸಾಲೆಯ ಮಾತು ಬಿಡಿ. ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ, ಅರಸಿನ, ಉಪ್ಪು, ಗಟ್ಟಿಯಾಗಿ ಅರೆದದ್ದು. ನಮ್ಮ ಕರಾವಳಿಯವರಿಗೆ ಇದನ್ನು ಹೇಳಿಕೊಡಲು ಹೋದರೆ ನಗುತ್ತಾರೆ.

ನನ್ನ ತಕರಾರು ನೀರಿನ ಮೇಲೆ. ಮಿಂದ ಮಗುವಿನ ತಲೆಯನ್ನು ಬುಡದವರೆಗೆ ಒರೆಸುವ ಜನ, ತೊಳೆದ ಮೀನನ್ನು ತೊಟ್ಟಿಕ್ಕುತ್ತಿರುವಾಗಲೇ ಮಸಾಲೆಗೆ ಅದ್ದುತ್ತಾರೆ! ಮೇಲೆ ನೀರಿರುವಷ್ಟು ಹೊತ್ತೂ ಅದರ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕೆಂಪಗೆ ಗರಿಯಾಗಲು 140ರ ಆಸುಪಾಸು ಬೇಕು. ಈ ನೀರಿನ ಕಾಟ ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಬೆಂಗಳೂರಿನಲ್ಲಿ ನಮ್ಮಂಥವರಿಗೆ ಗತಿ ಶೀತಲಪೆಟ್ಟಿಗೆಯ ಮುಳ್ಳು ತೆಗೆದ ಫಿಲೆ, ಬಹಳ ಸಲ ವಿಯೆಟ್ನಾಮಿನ ಬಸಾ. ಮಂಜು ಕರಗಿತೆಂದರೆ ಅದು ಅಳಲು ಶುರು. ಮಸಾಲೆ ಜಾರಿ ಎಣ್ಣೆಯಲ್ಲಿ ಒಂಟಿಯಾಗಿ ಸೀಯುತ್ತದೆ, ಮೀನು ಬೆಳ್ಳಗೆ ಬೆಂದು ಕೂರುತ್ತದೆ. ಬೈಗುಳ ಕಾವಲಿಗೆ! ಫಿಲೆಗೆ ಉಪ್ಪು ಸವರಿ ತುಸು ಬಿಟ್ಟರೆ ನೀರು ತಾನಾಗಿ ಹೊರಬರುತ್ತದೆ. ಆಮೇಲೆ ಹಳೆ ಪಂಚೆಯ ತುಂಡಿನಿಂದ ಒತ್ತಿ ಒರೆಸಬೇಕು. ‘ಆ ಬಟ್ಟೆ ಒಗೆಯುವವರು ಯಾರು?’ ಎನ್ನುತ್ತಾರೆ ಮನೆಯವರು. ನ್ಯಾಯವಾದ ಪ್ರಶ್ನೆಯೇ, ಸದ್ಯಕ್ಕೆ ಮುಂದೂಡಿದ್ದೇನೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಅಡುಗೆಯವರಿಗೆ ಮೀನಿನ ನೀರು ತೆಗೆಯುವ ಈ ಗುಟ್ಟು ಗೊತ್ತಿತ್ತೆಂದು ನನ್ನ ಗುಮಾನಿ. 12ನೇ ಶತಮಾನದ ಅವನ ‘ಮಾನಸೋಲ್ಲಾಸ’ದಲ್ಲಿ ಹುಣಸೆರಸದಲ್ಲಿ ಬೇಯಿಸಿದ ಮೀನಿನ ತುಂಡಿಗೆ ಗೋಧಿಹಿಟ್ಟು ಉದುರಿಸಿ ಎಣ್ಣೆಯಲ್ಲಿ ಕರಿಯುವ ಕ್ರಮವಿದೆ. ಹಿಟ್ಟು ನೀರು ಕುಡಿಯುತ್ತದೆ. ಹೋಟೆಲಿನ ರವೆ ಫ್ರೈಯ ಗುಟ್ಟೂ ಅದೇ. ದೊರೆ ಅಷ್ಟಕ್ಕೇ ನಿಲ್ಲಲಿಲ್ಲ, ಮೀನು ಹಿಡಿಯುವ ವಿನೋದಕ್ಕೇ ಒಂದು ಭಾಗ ಮೀಸಲಿಟ್ಟ, ಯಾವ ಮೀನಿಗೆ ಎಂಥ ತಿನಿಸು ಹಾಕಬೇಕೆಂದೂ ಬರೆಸಿದ. ರಾಜ್ಯ ಯಾವಾಗ ಆಳುತ್ತಿದ್ದನೋ! ನಮ್ಮ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ತೆರೆದರೆ ಮೀನಿನ ಸುದ್ದಿಯೇ ಇಲ್ಲ. ಜೈನ ಕವಿ, ತಕರಾರು ಮಾಡುವಂತಿಲ್ಲ.

ಇಷ್ಟಾಗಿ, ದೋಣಿಗಳು ಮತ್ತೆ ಕಡಲಿಗಿಳಿದ ಮೇಲೂ ಈ ಫಿಲೆಯ ಹಾವಳಿಗೆ ಕಾರಣ ನಮ್ಮ ಮಕ್ಕಳು. ಮುಳ್ಳು ಕಂಡರೆ ತಟ್ಟೆ ದೂಡುತ್ತಾರೆ. ನಾಲಿಗೆಯಲ್ಲೇ ಮುಳ್ಳು ಹುಡುಕಿ ಬದಿಗಿಡುವ ವಿದ್ಯೆ ಊರಿನ ಅಜ್ಜಿಯಂದಿರ ಬಳಿ ಕಲಿಯಬೇಕಾದದ್ದು. ಅದನ್ನು ಕಲಿಸಲು ನಮಗೆ ಪುರುಸೊತ್ತಿಲ್ಲ. ಅಂಜಲನ್ನು ಬೇಕಾದರೆ ಮುಳ್ಳು ತೆಗೆಸಿಯೇ ತನ್ನಿ, ನನ್ನ ಅಡ್ಡಿಯಿಲ್ಲ. ಬೂತಾಯಿಯ ತಂಟೆಗೆ ಮಾತ್ರ ಹೋಗಬೇಡಿ. ಅದು ಮುಳ್ಳಿನ ಸಮೇತ ಕಾಯಿಸಬೇಕಾದ ಮೀನು.