ತಂತಿಯ ತುದಿಯ ವಿಮಾನ

ಆದಿತ್ಯವಾರದ ಪ್ರಾತಃಕಾಲ ನಾವು ಮರದ ಪೆಟ್ಟಿಗೆಯೊಂದನ್ನು ಹೊತ್ತು ಊರ ಹೊರಗಿನ ಬಯಲಿಗೆ ಹೋಗುವ ಪದ್ಧತಿಯು ನೆರೆಹೊರೆಯವರಿಗೆಲ್ಲ ತಿಳಿದುದೇ ಆಗಿದೆ. ಪೆಟ್ಟಿಗೆಯಲ್ಲಿರುವುವು ಒಂದೆರಡು ಪುಟ್ಟ ವಿಮಾನಗಳು, ತಂತಿಯ ಸುರುಳಿ, ಹಿಡಿಕೆ, ಅಂಟಿನ ಸೀಸೆ, ಇಷ್ಟೆ. ನಮ್ಮ ಹಿಂದೆ ನಾಲ್ಕಾರು ಮಕ್ಕಳು ಬರುವರು. ಈ ಮಕ್ಕಳ ತಂದೆತಾಯಿಗಳು ನಮ್ಮನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆಗಳು ಮೂರು: ಅದು ಎಂತಹ ಆಟ? ಅದರಲ್ಲಿ ಅಪಾಯವೇನೂ ಇಲ್ಲವಷ್ಟೆ? ಅದರಿಂದ ಮಕ್ಕಳಿಗೆ ಆಗುವ ಲಾಭವೇನು? ಬೀದಿಯಲ್ಲಿ ನಿಂತು ಹೇಳಿದ ಉತ್ತರವು ಅರ್ಧಕ್ಕೇ ನಿಲ್ಲುವುದಾದುದರಿಂದ ಇಲ್ಲಿ ಸಾವಕಾಶವಾಗಿ ಬರೆಯುತ್ತೇವೆ.

ಇಂಗ್ಲಿಷಿನಲ್ಲಿ ಈ ಆಟಕ್ಕೆ ಕಂಟ್ರೋಲ್ ಲೈನ್ ಎಂದು ಹೆಸರು. ರೇಡಿಯೋ ಅಲೆಗಳಿಂದ ನಡೆಯುವ ವಿಮಾನಗಳನ್ನು ವಾಚಕರು ಕಂಡಿರಬಹುದು, ಇದು ಅದಲ್ಲ. ಇಲ್ಲಿ ವಿಮಾನಕ್ಕೂ ಅದನ್ನು ಹಾರಿಸುವವರಿಗೂ ನಡುವೆ ಎರಡು ತೆಳ್ಳನೆಯ ತಂತಿಗಳುಂಟು. ಕಣದ ಮೇಟಿಯ ಸುತ್ತ ಎತ್ತು ತಿರುಗುವಂತೆ ವಿಮಾನವು ಹಾರಿಸುವವರ ಸುತ್ತ ತಿರುಗುತ್ತದೆ. ಆದರೆ ಮೇಟಿಯು ಅಲ್ಲಾಡದೆ ನಿಂತಿರುವುದು. ಇಲ್ಲಿ ನಡುವೆ ನಿಂತವರು ವಿಮಾನದೊಡನೆ ತಾವೂ ತಿರುಗುತ್ತಿರಬೇಕು.

ಎಡರೆಕ್ಕೆಯ ತುದಿಯಿಂದ ಒಳಹೊಕ್ಕ ಎರಡು ತಂತಿಗಳೂ ವಿಮಾನದ ಮಧ್ಯದಲ್ಲಿ, ಒಂದು ಮೊಳೆಯ ಮೇಲೆ ತಿರುಗುವ ಮೂರು ಮೂಲೆಯ ತುಂಡೊಂದಕ್ಕೆ ಕಟ್ಟಲ್ಪಟ್ಟಿರುತ್ತವೆ. ಬಲ್ಲವರು ಇದನ್ನು ಬೆಲ್‌ಕ್ರ್ಯಾಂಕ್ ಎನ್ನುವರು. ಅದರ ಮೂರನೆಯ ಮೂಲೆಯಿಂದ ಹೊರಟ ಕಡ್ಡಿಯೊಂದು ಬಾಲದವರೆಗೆ ಹೋಗಿ ಅಲ್ಲಿನ ಎಲಿವೇಟರ್ ಎಂಬ ಪಟ್ಟಿಯನ್ನು ಮೇಲಕ್ಕೂ ಕೆಳಕ್ಕೂ ಅಲುಗಿಸುವುದು. ಹಿಡಿಕೆಯ ಮೇಲ್ತುದಿಯನ್ನು ನಮ್ಮ ಕಡೆಗೆ ಓರೆಮಾಡಿದರೆ ವಿಮಾನದ ಮೂಗು ಮೇಲೇಳುತ್ತದೆ. ಕೆಳತುದಿಯನ್ನು ಓರೆಮಾಡಿದರೆ ಇಳಿಯುತ್ತದೆ. ಇಡೀ ವಿದ್ಯೆಯ ಯಂತ್ರಭಾಗವು ಇಷ್ಟೇ. ಎಂಟು ವರ್ಷದ ಮಗುವಿಗೆ ಬೆರಳು ತೋರಿಸಿ ಇದನ್ನು ತಿಳಿಸಬಹುದು; ತಿಳಿದುದನ್ನು ಕೈಗೆ ತರಿಸುವುದಕ್ಕೆ ಮಾತ್ರ ತಿಂಗಳುಗಳು ಬೇಕು.

ತಂತಿಯನ್ನು ಬಿಗಿಯಾಗಿ ಇಡತಕ್ಕುದು ವಿಮಾನದ ವೇಗವೇ. ಕವಣೆಯ ಕಲ್ಲು ಹೊರಕ್ಕೆ ಜಗ್ಗುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ೪೦೦ ಗ್ರಾಂ ತೂಕದ ವಿಮಾನವು ೧೨ ಮೀಟರ್ ಉದ್ದದ ತಂತಿಯ ತುದಿಯಲ್ಲಿ ಸೆಕೆಂಡಿಗೆ ೧೫ ಮೀಟರ್ ವೇಗದಿಂದ ಹಾರಿದರೆ ೫ ಸೆಕೆಂಡಿಗೆ ಒಂದು ಸುತ್ತಾಗುವುದು; ಕೈಗೆ ತಾಕುವ ಸೆಳೆತವು ಸುಮಾರು ಮುಕ್ಕಾಲು ಕಿಲೋಗ್ರಾಂ. ಒಂದು ಕಿಲೋಗ್ರಾಂ ತೂಕದ ದೊಡ್ಡ ವಿಮಾನವು ೧೮ ಮೀಟರ್ ತಂತಿಯಲ್ಲಿ ಸೆಕೆಂಡಿಗೆ ೨೫ ಮೀಟರ್ ಹೋದರೆ ಮೂರೂವರೆ ಕಿಲೋಗ್ರಾಂ ಭಾರವು ಕೈಯನ್ನು ಎಳೆಯುತ್ತದೆ. ತಂತಿಯು ಸಡಿಲವಾಯಿತೆಂದರೆ ಹಿಡಿಕೆಯ ಮಾತು ವಿಮಾನಕ್ಕೆ ಕೇಳಿಸುವುದಿಲ್ಲ. ಆದುದರಿಂದಲೇ ಬಲರೆಕ್ಕೆಯ ತುದಿಯಲ್ಲಿ ಸ್ವಲ್ಪ ಸೀಸದ ತೂಕವನ್ನಿಡುವುದು, ಎಂಜಿನ್ನನ್ನೂ ಚುಕ್ಕಾಣಿಯನ್ನೂ ತುಸು ಹೊರಮುಖವಾಗಿ ತಿರುಗಿಸುವುದು. ಇಷ್ಟಾದರೂ ತಂತಿಯು ಸಡಿಲಿಸಿದರೆ ಹಿಂದಕ್ಕೆ ಎರಡು ಹೆಜ್ಜೆ ಇಡುವುದೊಂದೇ ಉಪಾಯ.

ಈ ಆಟವು ಹುಟ್ಟಿದುದು ಅಮೆರಿಕಾ ದೇಶದಲ್ಲಿ. ಆರಿಗನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದ ಜಿಮ್ ವಾಕರ್ ಎಂಬಾತನು ೧೯೪೦ರ ಸುಮಾರಿನಲ್ಲಿ 'ಫೈರ್‌ಬಾಲ್' ಎಂಬ ವಿಮಾನವನ್ನು ಮಾರಾಟಕ್ಕೆ ತಂದು, ತನ್ನ ಕ್ರಮಕ್ಕೆ 'ಯು-ಕಂಟ್ರೋಲ್' ಎಂದು ಹೆಸರಿಟ್ಟು, ಅದಕ್ಕೆ ಪೇಟೆಂಟನ್ನೂ ಪಡೆದನು. ಆತನು ಎರಡು ಕೈಗಳಲ್ಲಿ ಎರಡು, ತಲೆಗೆ ಕಟ್ಟಿದ ಹಿಡಿಕೆಯಿಂದ ಒಂದು, ಹೀಗೆ ಮೂರು ವಿಮಾನಗಳನ್ನು ಏಕಕಾಲದಲ್ಲಿ ಹಾರಿಸಿ ಜನರನ್ನು ಬೆರಗುಗೊಳಿಸುತ್ತಿದ್ದನು. ಆದರೆ ಅದೇ ಆರಿಗನ್ನಿನ ಓಬಾ ಸೇಂಟ್ ಕ್ಲೇರ್ ಎಂಬಾತನು ೧೯೩೦ರ ದಶಕದಲ್ಲಿಯೇ ಇಂತಹ ವಿಮಾನವನ್ನು ಹಾರಿಸಿದ್ದನೆಂಬ ಸಂಗತಿಯು ೧೯೫೦ರ ದಶಕದಲ್ಲಿ ನ್ಯಾಯಸ್ಥಾನದ ಮುಂದೆ ಬಂದು, ವಾಕರನ ಪೇಟೆಂಟು ಬಿದ್ದುಹೋಯಿತು. ೧೯೬೦ರಲ್ಲಿ ಹಂಗೆರಿಯ ಬುಡಾಪೆಸ್ಟಿನಲ್ಲಿ ಜಗತ್ತಿನ ಸ್ಪರ್ಧೆಗಳು ನಡೆದುವು. ವೇಗ, ಚಮತ್ಕಾರ, ತಂಡಗಳ ಓಟ, ಕಾಳಗ ಎಂದು ನಾಲ್ಕು ಬಗೆಯಲ್ಲಿ ಇಂದಿಗೂ ಸ್ಪರ್ಧೆಗಳು ನಡೆಯುತ್ತವೆ. ನಮ್ಮ ದೇಶದಲ್ಲಿ ಎನ್.ಸಿ.ಸಿ.ಯ ವಾಯುದಳದ ಕೆಡೆಟ್ಟುಗಳು ಇದನ್ನು ಕಲಿಯುವುದುಂಟು.

ಹೊಸಬರಿಗೆ ನಾವು ಮೊದಲು ಹೇಳತಕ್ಕುದು: ಚೆಲುವಾದ ವಿಮಾನವನ್ನು ಆರಿಸಬೇಡಿರಿ, ಬೇಗ ದುರಸ್ತಿಯಾಗುವ ವಿಮಾನವನ್ನು ಆರಿಸಿರಿ. ಶರೀರವು ಒಂದೇ ಹಲಗೆಯಿಂದ ಕತ್ತರಿಸಿದುದಾಗಿರಲಿ, ರೆಕ್ಕೆಯು ದಪ್ಪವಾಗಿರಲಿ, ಮೂಗಿನ ಕಡೆ ಸ್ವಲ್ಪ ಭಾರ ಹೆಚ್ಚಾಗಿರಲಿ. ಮೂಗು ಭಾರವಾದ ವಿಮಾನವು ಸಾವಧಾನಿ. ಬಾಲ ಭಾರವಾದುದು ಹುಚ್ಚು ಕುದುರೆ. ಹಿಡಿಕೆಯಲ್ಲಿ ತಂತಿಗಳ ನಡುವಿನ ಅಂತರವನ್ನು ಕಿರಿದು ಮಾಡಿದರೆ ಕೈಯ ದೊಡ್ಡ ಚಲನೆಗೂ ಬಾಲವು ಸ್ವಲ್ಪವೇ ಅಲುಗುವುದು. ಹೊಸ ಕೈಗೆ ಇದೇ ಕ್ಷೇಮ. ಮೆಥನಾಲಿನಲ್ಲಿ ಹರಳೆಣ್ಣೆ ಬೆರೆಸಿದ ಇಂಧನದಿಂದ ನಡೆಯುವ ಎಂಜಿನ್ನಿನ ವಾಸನೆಯು ನಮಗೆ ಪ್ರಿಯವಾದುದಾದರೂ, ಈಚೆಗೆ ಮಕ್ಕಳಿಗೆ ಬ್ಯಾಟರಿಯ ಮೋಟಾರನ್ನೇ ಕೊಡುತ್ತೇವೆ. ಅದರ ಗಡಿಯಾರವನ್ನು ಒಂದೂವರೆ ನಿಮಿಷಕ್ಕೆ ತಿರುಗಿಸಿಟ್ಟರೆ ತಾನಾಗಿ ನಿಲ್ಲುವುದು. ಏಕೆಂದರೆ, ಒಮ್ಮೆ ಮೇಲೆದ್ದ ಈ ವಿಮಾನವನ್ನು ಸಾಕೆನಿಸಿದ ಕ್ಷಣದಲ್ಲಿ ನಿಲ್ಲಿಸುವಂತಿಲ್ಲ. ಇಂಧನ ತೀರುವವರೆಗೆ ಅಥವಾ ಗಡಿಯಾರ ನಿಲ್ಲುವವರೆಗೆ ಹಿಡಿದವರು ಹಿಡಿದೇ ಇರಬೇಕು.

ಮೊದಲನೆಯ ಪಾಠದಲ್ಲಿ ಹಿಡಿಕೆಯನ್ನೇ ಕೊಡುವುದಿಲ್ಲ. ಮಗುವು ನಮ್ಮ ಮುಂದೆ ನಿಂತು ನಮ್ಮೊಡನೆ ತಿರುಗಬೇಕು, ಅಷ್ಟೆ. ನೆಲವನ್ನಾಗಲಿ ಮರಗಳನ್ನಾಗಲಿ ನೋಡಿದರೆ ತಲೆ ತಿರುಗುವುದು. ವಿಮಾನವನ್ನೇ ನೋಡುತ್ತಿದ್ದರೆ ಲೋಕವೆಲ್ಲ ತಿರುಗಿ ಅದೊಂದೇ ನಿಂತಂತೆ ತೋರುವುದು. ಎರಡನೆಯ ಪಾಠದಲ್ಲಿ ಮಗುವಿನ ಕೈ ಹಿಡಿಕೆಯ ಮೇಲೆ, ನಮ್ಮ ಕೈ ಮಗುವಿನ ಕೈಯ ಮೇಲೆ. ಮಣಿಕಟ್ಟನ್ನು ಆಡಿಸಕೂಡದು, ತೋಳನ್ನು ನೀಳವಾಗಿಟ್ಟು ಭುಜದಿಂದ ಎತ್ತಿ ಇಳಿಸಬೇಕು. ಗಾಳಿಯು ವಿಮಾನದ ಬೆನ್ನಿಗೆ ಬರುವ ಕಡೆ ನಿಲ್ಲಿಸಿ ಬಿಟ್ಟರೆ, ಅದು ಕಾಲು ಸುತ್ತು ಹೋಗುವಷ್ಟರಲ್ಲಿ ಗಾಳಿಯೇ ಅದನ್ನು ಹೊರಕ್ಕೆ ನೂಕಿ ತಂತಿಯನ್ನು ಬಿಗಿಮಾಡುವುದು. ಅನಂತರ ೩-೪ ಮೀಟರ್ ಎತ್ತರದಲ್ಲಿ ಸಮನಾಗಿ ಸುತ್ತಿಸುವುದೇ ಮೊದಲ ತಿಂಗಳ ವ್ಯಾಸಂಗ.

ಮೂರನೆಯ ಅಥವಾ ನಾಲ್ಕನೆಯ ದಿನ, ಕೈಯ ನಡುಕ ನಿಂತುದನ್ನು ಕಂಡು, ನಾವು ನಮ್ಮ ಕೈಯನ್ನು ಮೆಲ್ಲಗೆ ತೆಗೆಯುತ್ತೇವೆ. ಬಹು ಮಂದಿ ಮಕ್ಕಳು ಆ ಕ್ಷಣದಲ್ಲಿ ಆಡುವ ಮಾತು ಒಂದೇ: "ಮಾವ, ಕೈ ಬಿಡಬೇಡಿ." "ಬಿಟ್ಟು ಎರಡು ಸುತ್ತಾಯಿತು, ಮಗು" ಎಂದು ನಾವು ಹೇಳುತ್ತೇವೆ.

ಇನ್ನು ಅಪಾಯದ ವಿಷಯ. ಇದನ್ನು ಮುಚ್ಚಿಡುವುದು ಸರಿಯಲ್ಲ. ತಂತಿಯು ಉಕ್ಕಿನದು. ಅದು ವಿದ್ಯುತ್ತಿನ ತಂತಿಗೆ ತಾಗಿದರೆ, ಇಲ್ಲವೆ ತೀರ ಸಮೀಪಕ್ಕೆ ಹೋದರೂ, ಹಿಡಿದವರ ಪ್ರಾಣವು ಉಳಿಯಲಾರದು. ಈ ಕಾರಣದಿಂದ ಜೀವ ಕಳೆದುಕೊಂಡವರು ಲೋಕದಲ್ಲಿದ್ದಾರೆ. ನಮ್ಮ ಬೀದಿಯ ತುದಿಯಲ್ಲಿಯೇ ಹುಲ್ಲು ಬೆಳೆದ ಚೆಲುವಾದ ಮೈದಾನವೊಂದುಂಟು. ಅದರ ಅಂಚಿನಲ್ಲಿ ೧೧ ಕಿಲೋವೋಲ್ಟಿನ ಕಂಬಗಳ ಸಾಲು ಹೋಗಿದೆ. ಮಕ್ಕಳು ಅಲ್ಲಿಯೇ ಹಾರಿಸೋಣವೆಂದು ಎಷ್ಟೋ ಸಲ ಬೇಡಿದರು. ಒಬ್ಬ ಹುಡುಗನು ಹೆಜ್ಜೆಯಿಂದ ಅಳೆದು, ವಿಮಾನವು ಅಷ್ಟು ದೂರ ಮುಟ್ಟುವುದಿಲ್ಲವೆಂದು ಲೆಕ್ಕವನ್ನೂ ತೋರಿಸಿದನು. ಆತನ ಲೆಕ್ಕವು ಸರಿಯೇ ಆಗಿದ್ದಿತು. ಆದರೆ ತಲೆ ತಿರುಗಿದವನು ನಿಂತಲ್ಲೇ ನಿಲ್ಲುವನೆಂದಾಗಲಿ, ಹಿಡಿಕೆಯು ಕೈ ತಪ್ಪಿದಾಗ ವಿಮಾನವು ತಂತಿಯನ್ನೆಳೆದುಕೊಂಡು ಎತ್ತ ಹೋಗುವುದೆಂದಾಗಲಿ ಲೆಕ್ಕದಲ್ಲಿ ಬರೆದಿರಲಿಲ್ಲ. ಒಂದೂವರೆ ಮೈಲಿ ನಡೆದು ಕಂಬವಿಲ್ಲದ ಬಯಲಿಗೇ ಹೋಗುತ್ತೇವೆ. ನಡೆಯಲು ಬೇಸರಪಟ್ಟು ಮೂವರು ಬರುವುದನ್ನು ನಿಲ್ಲಿಸಿದರು. ಇದಕ್ಕಾಗಿ ನಮಗೆ ವ್ಯಥೆಯಾಯಿತಾದರೂ ನಿಯಮವನ್ನು ಬದಲಿಸಲಿಲ್ಲ.

ಮಿಕ್ಕ ನಿಯಮಗಳು ಸುಲಭವಾದುವು. ಹಿಡಿಕೆಯ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು. ಪ್ರತಿಸಲವೂ ಹಾರಿಸುವ ಮೊದಲು ವಿಮಾನದ ತೂಕದ ಹತ್ತು ಪಾಲು ಬಲದಿಂದ ತಂತಿಯನ್ನು ತೂಗುಸ್ಪ್ರಿಂಗಿನ ಮೂಲಕ ಎಳೆದು ನೋಡಬೇಕು. ಹಿಡಿಕೆಯನ್ನು ಮೇಲಕ್ಕೆ ಓರೆಮಾಡಿದಾಗ ಬಾಲದ ಪಟ್ಟಿಯು ಮೇಲೇಳುವುದೆ ಎಂದು ಕಣ್ಣಾರೆ ಕಾಣಬೇಕು. ವೃತ್ತದೊಳಕ್ಕೆ ಯಾರೂ ಕಾಲಿಡಬಾರದು. ಮೋಡದಲ್ಲಿ ಗುಡುಗಿನ ಸದ್ದಾದರೆ ಪೆಟ್ಟಿಗೆಯನ್ನು ಮುಚ್ಚಿ ಮನೆಗೆ ಹೊರಡಬೇಕು. ತಿರುಗುವ ಪ್ರೊಪೆಲ್ಲರಿನ ಮುಂದೆ ಬೆರಳನ್ನು ತರುವವರಿಗೆ ಆ ದಿನ ಹಿಡಿಕೆಯಿಲ್ಲ.

ಮೂರನೆಯ ಪ್ರಶ್ನೆಗೆ ಉತ್ತರವಾಗಿ ಒಂದು ಸಂಗತಿಯನ್ನು ಹೇಳುತ್ತೇವೆ. ನಾಲ್ಕು ವರ್ಷಗಳ ಹಿಂದೆ ಹನ್ನೊಂದು ವರ್ಷದ ಬಾಲಿಕೆಯೊಬ್ಬಳು ನಮ್ಮಲ್ಲಿಗೆ ಬರತೊಡಗಿದಳು. ಅವಳ ತಾಯಿಯ ತಂದೆಯವರು ಬಡಗಿ ಕೆಲಸದಲ್ಲಿ ಪ್ರವೀಣರಾಗಿದ್ದವರು. ಆಗ ಕೈನಡುಕದ ವ್ಯಾಧಿಯಿಂದ ಮನೆಯಲ್ಲೇ ಇದ್ದರು. ತಾತ ಮೊಮ್ಮಗಳು ಕೂಡಿ ಆರು ವಾರ ಕುಳಿತು ಬಾಲ್ಸಾ ಮರದ ವಿಮಾನವೊಂದನ್ನು ಮಾಡಿದರು. ಬಾಲ್ಸಾ ಎಂಬುದು ದಕ್ಷಿಣ ಅಮೆರಿಕಾದ ಎಕ್ವಡಾರಿನಿಂದ ಬರುವ ಹಗುರವಾದ ಮರ. ಹರಿತವಾದ ಅಲಗು ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ರೆಕ್ಕೆಯ ಪಕ್ಕೆಲುಬುಗಳನ್ನು ಮೊಮ್ಮಗಳು ಕತ್ತರಿಸಿದಳು. ಉಜ್ಜಿ ನಯಮಾಡುವುದನ್ನು ತಾತನವರು ತಮ್ಮ ಪಾಲಿಗೆ ಇಟ್ಟುಕೊಂಡರು. ಆ ವಿಮಾನವು ಸಿದ್ಧವಾದ ಮೇಲೆ ಅವಳು ಅದನ್ನು ಬಯಲಿಗೆ ತರಲೊಲ್ಲಳು. ನಮ್ಮ ಹಳೆಯ ಹಲಗೆಯ ವಿಮಾನವನ್ನು ಎರಡು ತಿಂಗಳು ನಿರ್ಭಯವಾಗಿ ಹಾರಿಸಿದಳು. ತಾತನ ವಿಮಾನದ ಮಾತೆತ್ತಿದರೆ ತಲೆ ತಗ್ಗಿಸುವಳು.

ನಾವು ಅವಳನ್ನು ಬಲವಂತಪಡಿಸಲಿಲ್ಲ. ಒಂದು ಸಂಜೆ ಅವರ ಮನೆಗೆ ಹೋದಾಗ ತಾತನವರೇ ಮಾತು ತೆಗೆದರು. "ಅಮ್ಮಯ್ಯ, ನಾನು ಬಾಗಿಲು ಮಾಡಿದ್ದು ಜನ ಓಡಾಡಲೆಂದು, ತೊಟ್ಟಿಲು ಮಾಡಿದ್ದು ಮಗು ಮಲಗಲೆಂದು. ಇದನ್ನು ಗೂಡಿನಲ್ಲಿಟ್ಟು ನೋಡುವುದಕ್ಕೆ ಮಾಡಲಿಲ್ಲ. ಮುರಿದರೆ ಅಂಟು ಎಲ್ಲಿದೆಯೋ ನನಗೆ ಗೊತ್ತು" ಎಂದರು. ಮುಂದಿನ ಆದಿತ್ಯವಾರ ವಿಮಾನವು ಹಾರಿತು. ಮೂರನೆಯ ವಾರ, ಗಾಳಿಗೆ ಎದುರಾದಾಗ ತಂತಿ ಸಡಿಲಿಸಿ, ನೆಲಕ್ಕೆ ಬಿದ್ದು ರೆಕ್ಕೆಯು ಮುರಿಯಿತು. ಅವಳು ಅಳಲಿಲ್ಲ, ತುಂಡುಗಳನ್ನೆಲ್ಲ ಹೆಕ್ಕಿ ಲಂಗದ ಮಡಿಲಿಗೆ ಹಾಕಿಕೊಂಡು ಮನೆಗೆ ಹೋದಳು. ತಾತನವರು ನಡುಗುವ ಕೈಯಿಂದಲೇ, ಅವಳು ಹಿಡಿದುಕೊಂಡಿರಲಾಗಿ, ಅಂಟು ಹಾಕಿದರು. ಬೆಸೆದ ಗೆರೆಯು ಸೊಟ್ಟಗಿದೆ; ರೆಕ್ಕೆಯು ಮಾತ್ರ ಗಟ್ಟಿಯಾಗಿದೆ.

ತಾತನವರು ಈಗಿಲ್ಲ. ವಿಮಾನವು ಇಂದಿಗೂ ಹಾರುತ್ತಿದೆ. ಆ ಹುಡುಗಿಯು ಈಗ ಕಮಾನು ಸುತ್ತನ್ನೂ ತಲೆಕೆಳಗಾದ ಹಾರಾಟವನ್ನೂ ಬಲ್ಲಳು. ಹೊಸ ಮಕ್ಕಳು ಬಂದಾಗ ಅವರ ಕೈಯ ಮೇಲೆ ಕೈಯಿಡುವವಳು ಅವಳೇ. ನಮ್ಮ ಕಣ್ಣು ಮೊದಲಿನಂತಿಲ್ಲದ ಕಾರಣ ಈ ಕೆಲಸವನ್ನು ಅವಳಿಗೆ ಒಪ್ಪಿಸಿದ್ದೇವೆ. ಯಾವಾಗ ಕೈ ತೆಗೆಯಬೇಕೆಂಬುದನ್ನು ನಾವು ಅವಳಿಗೆ ಹೇಳಿಕೊಟ್ಟಿಲ್ಲ. ಅವಳು ಬಲ್ಲಳು.

ಲಾಭವೇನೆಂದು ಕೇಳುವ ಹಿರಿಯರಿಗೆ ಇದಕ್ಕಿಂತ ಹೆಚ್ಚಿನ ಉತ್ತರವು ನಮ್ಮಲ್ಲಿಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಅಂಕಗಳು ಬರುವುದಿಲ್ಲ. ಕೆಲವರು ಮುಂದೆ ಎಂಜಿನಿಯರಾಗಬಹುದು, ಆಗದಿದ್ದರೂ ನಷ್ಟವಿಲ್ಲ. ತಾನೇ ಮಾಡಿದ ವಸ್ತುವನ್ನು ಮುರಿಯುವ ಭಯವಿದ್ದೂ ಬಳಸುವುದು, ಮುರಿದುದನ್ನು ಕೂಡಿಸುವುದು, ಕೆಲಸ ತೀರುವವರೆಗೆ ಹಿಡಿದ ಹಿಡಿಕೆಯನ್ನು ಬಿಡದಿರುವುದು, ಇವು ಮನೆಯಲ್ಲಿ ಉಪದೇಶದಿಂದ ಬರುವುದು ಕಷ್ಟ. ಮಕ್ಕಳನ್ನು ಕಳುಹಿಸಲಿಚ್ಛಿಸುವವರು ಬೆಳಗಿನ ಆರೂವರೆ ಘಂಟೆಗೆ, ಗಾಳಿ ಏಳುವ ಮುನ್ನ, ಕಳುಹಿಸತಕ್ಕದ್ದು. ಟೋಪಿಯೂ ಕುಡಿಯುವ ನೀರೂ ಇರಲಿ. ನಡೆಯುವ ದೂರ ಒಂದೂವರೆ ಮೈಲಿ.