ಗಂಡನಾದರೂ ಮೂರನೆಯವನೇ

ಹೆಂಡತಿಯ ಎಟಿಎಂ ಕಾರ್ಡಿನಲ್ಲಿ ಗಂಡ ದುಡ್ಡು ತೆಗೆಯುವುದು ನಮ್ಮಲ್ಲಿ ಯಾರಿಗೂ ದೊಡ್ಡ ವಿಷಯವಲ್ಲ. ಕಾನೂನಿಗೆ ಮಾತ್ರ ಅದು ದೊಡ್ಡ ವಿಷಯವೇ. 2013ರ ನವೆಂಬರಿನಲ್ಲಿ ಬೆಂಗಳೂರಿನ ಒಬ್ಬ ಬಾಣಂತಿ ತನ್ನ ಕಾರ್ಡು, ಪಿನ್ನು ಎರಡನ್ನೂ ಗಂಡನಿಗೆ ಕೊಟ್ಟು 25,000 ರೂಪಾಯಿ ತರಲು ಕಳಿಸಿದರು. ಯಂತ್ರ ಚೀಟಿ ಕೊಟ್ಟಿತು, ನೋಟು ಕೊಡಲಿಲ್ಲ. ಖಾತೆಯಿಂದ ಹಣ ಹೋಗಿತ್ತು. ಗ್ರಾಹಕರ ವೇದಿಕೆಯ ಮೆಟ್ಟಿಲು ಹತ್ತಿದರು. 2018ರಲ್ಲಿ ಬಂದ ತೀರ್ಪು ಬ್ಯಾಂಕಿನ ಪರ: ಪಿನ್ ಇನ್ನೊಬ್ಬರಿಗೆ ಹೇಳಿದ್ದೇ ತಪ್ಪು, ಸೆಲ್ಫ್ ಚೆಕ್ಕನ್ನೋ ಅಧಿಕಾರ ಪತ್ರವನ್ನೋ ಕೊಟ್ಟು ಕಳಿಸಬೇಕಿತ್ತು. ಕೂಸು ತೊಡೆಯ ಮೇಲಿರುವಾಗ ಅಧಿಕಾರ ಪತ್ರ ಬರೆಯುವವರು ಯಾರಪ್ಪಾ!

ನನ್ನನ್ನು ಕಾಡುವುದು ಬೇರೆ. ನೋಟು ಬಾರದಿದ್ದದ್ದು ಯಂತ್ರದಿಂದ. ಗುಂಡಿ ಒತ್ತಿದ ಬೆರಳು ಯಾರದಾದರೇನು? ಆದರೂ ಒಪ್ಪಿಗೆ ಗಂಡ ಹೆಂಡಿರ ನಡುವಿನದು, ಕರಾರು ಖಾತೆದಾರರು ಮತ್ತು ಬ್ಯಾಂಕಿನ ನಡುವಿನದು. ಪಿನ್ ಹಂಚಿಕೊಂಡು ಮೋಸಹೋದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟವೆಲ್ಲ ಗ್ರಾಹಕರದೇ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯೂ ಹೇಳಿತ್ತು.

ಮನೆಯವರ ದುಡ್ಡನ್ನು ಮನೆಯವರೇ ಖರ್ಚು ಮಾಡುತ್ತಾರೆ ಅನ್ನುವುದು ವ್ಯವಸ್ಥೆಗೆ ಹೊಳೆಯಲು ಸಮಯ ಹಿಡಿಯಿತು. ಕ್ರೆಡಿಟ್ ಕಾರ್ಡಿಗೆ ಆಡ್-ಆನ್ ಕಾರ್ಡು ಹಿಂದಿನಿಂದಲೂ ಇದೆ. 2024ರಲ್ಲಿ ಯುಪಿಐ ಸರ್ಕಲ್ ಬಂತು: ನಿಮ್ಮ ಖಾತೆಯಿಂದ ಅಮ್ಮನೋ ಮಗನೋ ತಮ್ಮ ಫೋನಿನಲ್ಲೇ ಪಾವತಿಸಬಹುದು, ಮಿತಿ ಇಡುವವರು ನೀವು, ಪಿನ್ ಹೇಳಬೇಕಿಲ್ಲ. ನಮ್ಮ ಕೇರಿಯ ಹಿರಿಯರಂತೂ ಈಗಲೂ ಕಾರ್ಡಿನ ಹಿಂದೆಯೇ ಪಿನ್ ಬರೆದು ಮೊಮ್ಮಗನ ಕೈಗೆ ಕೊಡುತ್ತಾರೆ.